ರಾಣಿಯಿಲ್ಲದ ಅರ್ಧ ಗೂಡು: ರಾಘವೇಂದ್ರ ಗದಗಕರ್ ಅವರ ಕಣಜ ಸಂಶೋಧನೆ

ಮಾನ್ಯ ಸಭಿಕರೇ,

ಚಾರ್ಲ್ಸ್ ಡಾರ್ವಿನ್ 1859ರಲ್ಲಿ ತಮ್ಮ ವಿಕಾಸವಾದವನ್ನು ಮಂಡಿಸುವಾಗ, ಅದಕ್ಕೆ ಎದುರಾಗಬಹುದಾದ ತೊಡಕುಗಳನ್ನು ಇತರರು ಎತ್ತುವ ಮೊದಲೇ ತಾವೇ ಎತ್ತಿ ಚರ್ಚಿಸಿದರು. ಅವುಗಳಲ್ಲಿ ಒಂದು ಇರುವೆ, ಜೇನುಗಳ ಕೆಲಸಗಾರ ಹುಳುಗಳಿಗೆ ಸಂಬಂಧಿಸಿದ್ದು. ಹೆಚ್ಚು ಸಂತಾನ ಪಡೆದ ಜೀವಿಯ ಗುಣಗಳೇ ಮುಂದಿನ ಪೀಳಿಗೆಗೆ ಹರಿದುಬರುವುದಾದರೆ, ಜೀವಮಾನವಿಡೀ ರಾಣಿಯ ಮರಿಗಳನ್ನು ಸಾಕಿ, ತಾನು ಒಂದು ಮೊಟ್ಟೆಯನ್ನೂ ಇಡದೆ ಸಾಯುವ ಹುಳು ಈ ಲೋಕದಲ್ಲಿ ಉಳಿದುಬಂದದ್ದು ಹೇಗೆ? ಇದೇ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕುಳಿತು, ನಮ್ಮ ಕಿಟಕಿ ಸೂರುಗಳಲ್ಲಿ ಗೂಡು ಕಟ್ಟುವ ಒಂದು ಸಾಮಾನ್ಯ ಕಣಜಕ್ಕೆ ಕೇಳುತ್ತ ಹೋದವರು ರಾಘವೇಂದ್ರ ಗದಗಕರ್.

1953ರಲ್ಲಿ ಜನಿಸಿದ ಗದಗಕರ್ ಅವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿ, 1979ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಪಿಎಚ್‌.ಡಿ. ಪಡೆದರು. ಆ ಪದವಿ ಕಣಜಗಳ ಅಧ್ಯಯನಕ್ಕೆ ಬಂದದ್ದಲ್ಲ, ಮಾಲಿಕ್ಯುಲರ್ ಬಯಾಲಜಿಯಲ್ಲಿ ಬಂದದ್ದು. ಆ ಕ್ಷೇತ್ರ ಬಿಟ್ಟು ಅವರು ಕೀಟಗಳ ವರ್ತನೆಯ ಕಡೆಗೆ ತಿರುಗಿದರು, ಅದೇ ಸಂಸ್ಥೆಯಲ್ಲಿ ದಶಕಗಳ ಕಾಲ ಒಂದೇ ಪ್ರಭೇದದ ಬೆನ್ನು ಹತ್ತಿದರು. 1993ರ ಭಟ್ನಾಗರ್ ಪ್ರಶಸ್ತಿಯನ್ನೂ ಸೇರಿಸಿ ಅವರಿಗೆ ಸಂದ ಗೌರವಗಳ ಪಟ್ಟಿ ಉದ್ದವಿದೆ. ಅದನ್ನು ಇಲ್ಲಿಗೇ ಬಿಟ್ಟು ಕಣಜದ ಗೂಡಿಗೆ ಬರುತ್ತೇನೆ.

ಅವರು ಆರಿಸಿಕೊಂಡ ಕಣಜದ ಹೆಸರು ರೋಪಲಿಡಿಯಾ ಮಾರ್ಜಿನೇಟ. ಸಸ್ಯದ ನಾರನ್ನು ಅಗಿದು ಎಂಜಿಲಿನಲ್ಲಿ ಕಲಸಿ ಇದು ಕಟ್ಟುವ ಕಾಗದದಂಥ ಗೂಡಿಗೆ ಹೊದಿಕೆಯಿಲ್ಲ. ಹಾಗಾಗಿ ಯಾವ ಕೋಣೆಯಲ್ಲಿ ಮೊಟ್ಟೆಯಿದೆ, ಯಾರು ಯಾರಿಗೆ ಉಣಿಸುತ್ತಿದ್ದಾರೆ ಎಂಬುದನ್ನೆಲ್ಲ ಎದುರಿಗೆ ಕುಳಿತು ನೋಡಬಹುದು. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಜೇನಿನಲ್ಲಿ ರಾಣಿ ಯಾರು, ದುಡಿಯುವವರು ಯಾರು ಎಂಬುದು ಮರಿಹುಳುವಿನ ಹಂತದಲ್ಲೇ ಉಣಿಸುವ ಆಹಾರದಿಂದ ತೀರ್ಮಾನವಾಗಿಬಿಡುತ್ತದೆ. ಕೆಲಸಗಾರ ಜೇನು ಬಯಸಿದರೂ ರಾಣಿಯಾಗಲಾರದು. ಈ ಕಣಜದಲ್ಲಿ ರಾಣಿಗೂ ಕೆಲಸಗಾರರಿಗೂ ಮೈಕಟ್ಟಿನಲ್ಲಿ ವ್ಯತ್ಯಾಸವಿಲ್ಲ. ಹೆಣ್ಣು ಕಣಜವೊಂದು ಗೂಡು ಬಿಟ್ಟು ಹೋಗಿ ಒಂಟಿಯಾಗಿ ಹೊಸ ಗೂಡು ಹೂಡಬಹುದು, ಇಲ್ಲವೇ ಇದ್ದಲ್ಲಿಯೇ ಇದ್ದು ದುಡಿಯಬಹುದು. ಆಯ್ಕೆಯ ಅವಕಾಶ ಇರುವಲ್ಲಿ ಮಾತ್ರ ‘ಏಕೆ ದುಡಿಯುತ್ತದೆ’ ಎಂಬ ಪ್ರಶ್ನೆಗೆ ಅರ್ಥವಿರುತ್ತದೆ.

ಆ ಪ್ರಶ್ನೆಗೆ ಬ್ರಿಟಿಷ್ ಜೀವವಿಜ್ಞಾನಿ ವಿಲಿಯಂ ಹ್ಯಾಮಿಲ್ಟನ್ 1964ರಲ್ಲಿ ಒಂದು ಉತ್ತರ ಕೊಟ್ಟಿದ್ದರು. ಬಂಧುಗಳಲ್ಲಿಯೂ ನಮ್ಮವೇ ವಂಶವಾಹಿಗಳು ಇರುವುದರಿಂದ, ಬಂಧುವಿಗೆ ಆಗುವ ಲಾಭವನ್ನು ಬಂಧುತ್ವದ ಪ್ರಮಾಣದಿಂದ ಗುಣಿಸಿದಾಗ ಅದು ನೆರವಿತ್ತವನ ನಷ್ಟಕ್ಕಿಂತ ಹೆಚ್ಚಾಗಿದ್ದರೆ, ಆ ನೆರವಿನ ಗುಣ ವಿಕಾಸದಲ್ಲಿ ಉಳಿಯುತ್ತದೆ ಎಂಬುದು ಅದರ ಸಾರ. ಜೇನು, ಇರುವೆ, ಕಣಜಗಳಲ್ಲಿ ಗಂಡು ಹುಳು ಫಲಿತವಾಗದ ಮೊಟ್ಟೆಯಿಂದ ಹುಟ್ಟುತ್ತದೆ. ಹಾಗಾಗಿ ಅದರಲ್ಲಿ ತಾಯಿಯಿಂದ ಬಂದ ವಂಶವಾಹಿಗಳ ಒಂದೇ ಪ್ರತಿ ಇರುತ್ತದೆ, ಅಷ್ಟನ್ನೂ ಅದು ತನ್ನ ಪ್ರತಿಯೊಬ್ಬ ಮಗಳಿಗೂ ಕೊಡುತ್ತದೆ. ಇದರ ಫಲವಾಗಿ ಒಂದೇ ತಂದೆಯ ಅಕ್ಕತಂಗಿಯರ ನಡುವೆ ಬಂಧುತ್ವ ಮುಕ್ಕಾಲು ಭಾಗದಷ್ಟಿದ್ದರೆ, ತಾಯಿ ಮಗಳ ನಡುವೆ ಅದು ಅರ್ಧ ಮಾತ್ರ. ಮಗಳನ್ನು ಹೆರುವುದಕ್ಕಿಂತ ತಂಗಿಯನ್ನು ಸಾಕುವುದೇ ಲಾಭ ಎಂಬ ಈ ಲೆಕ್ಕ ಬಹಳ ಮಂದಿಯನ್ನು ಮರುಳು ಮಾಡಿತು. ಮಾರ್ಜಿನೇಟ ಗೂಡಿನಲ್ಲಿ ಅದು ನಿಲ್ಲಲಿಲ್ಲ. ಇಲ್ಲಿನ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡುತ್ತದೆ. ಅಲ್ಲದೆ ರಾಣಿಯರು ಒಬ್ಬರಾದ ಮೇಲೊಬ್ಬರು ಬದಲಾಗುತ್ತಲೇ ಇರುವುದರಿಂದ, ಗೂಡಿನಲ್ಲಿ ಬೆಳೆಯುತ್ತಿರುವ ಮರಿ ತನ್ನ ತಂಗಿಯೇ ಆಗಬೇಕೆಂದಿಲ್ಲ. ಸೋದರಿಯ ಮಗಳೋ ಇನ್ನೂ ದೂರದ ಬಂಧುವೋ ಆಗಿರಬಹುದು.

ಹಾಗೆಂದು ಗದಗಕರ್ ಹ್ಯಾಮಿಲ್ಟನ್ನರ ಸೂತ್ರವನ್ನು ತಳ್ಳಿಹಾಕಲಿಲ್ಲ. ಎಲ್ಲರೂ ಬಂಧುತ್ವವನ್ನೇ ಅಳೆಯುತ್ತ ಕುಳಿತಿದ್ದಾಗ, ಸೂತ್ರದ ಉಳಿದ ಎರಡು ಪದಗಳಾದ ಲಾಭ ನಷ್ಟಗಳನ್ನು ಅವರು ನೋಡಿದರು. ಗೂಡಿನಿಂದ ಆಗತಾನೇ ಹೊರಬಂದ ಹೆಣ್ಣುಗಳನ್ನು ಒಂಟಿಯಾಗಿ ಇರಿಸಿ ಬೇಕಾದಷ್ಟು ಆಹಾರ ಕೊಟ್ಟಾಗಲೂ ಸುಮಾರು ಅರ್ಧದಷ್ಟು ಮೊಟ್ಟೆಯಿಡಲೇ ಇಲ್ಲ. ತಾಯ್ತನದ ಸಾಮರ್ಥ್ಯವೇ ಎಲ್ಲರಲ್ಲೂ ಸಮವಾಗಿಲ್ಲವೆಂದ ಮೇಲೆ, ಕಡಿಮೆ ಸಾಮರ್ಥ್ಯದ ಕಣಜ ಗೂಡಿನಲ್ಲಿ ಉಳಿದು ದುಡಿದರೆ ಅದು ಕಳೆದುಕೊಳ್ಳುವುದೂ ಕಡಿಮೆಯೇ. ಇನ್ನೊಂದು ಅಂಶ ಸಾವಿನದು. ಮರಿ ಮೊಟ್ಟೆಯೊಡೆದು ಬೆಳೆದು ಹಾರುವವರೆಗೆ ಹಲವಾರು ವಾರ ಬೇಕು. ಒಂಟಿ ತಾಯಿ ನಡುವೆ ಸತ್ತರೆ ಅಷ್ಟೂ ಶ್ರಮ ಮಣ್ಣುಪಾಲು. ಗುಂಪಿನಲ್ಲಿ ದುಡಿದವಳು ಅರ್ಧಕ್ಕೇ ಸತ್ತರೂ ಅವಳು ಉಣಿಸಿದ ಮರಿಯನ್ನು ಇನ್ನೊಬ್ಬಳು ದಡ ಸೇರಿಸುತ್ತಾಳೆ. ನನ್ನ ದೃಷ್ಟಿಯಲ್ಲಿ ಈ ವಾದದ ಬಲವಿರುವುದು ಅದರ ಸರಳತೆಯಲ್ಲಿ. ಇದಕ್ಕೆ ಗಂಡು ಹೆಣ್ಣುಗಳ ಹುಟ್ಟಿನ ವಿಚಿತ್ರ ಲೆಕ್ಕದ ಹಂಗೇ ಇಲ್ಲ.

ಇದು ಸಹಕಾರದ ಮಾತಾಯಿತು. ಸಂಘರ್ಷದ ಕಥೆ ಇನ್ನೂ ಸ್ವಾರಸ್ಯಕರವಾದದ್ದು.

ಪ್ರತಿಯೊಂದು ಕಣಜದ ಮೈಮೇಲೂ ಬಣ್ಣದ ಚುಕ್ಕೆಯಿಟ್ಟು ಗುರುತಿಸಿ, ಯಾವುದು ಎಷ್ಟು ಹೊತ್ತು ಏನು ಮಾಡುತ್ತದೆಂದು ದಾಖಲಿಸಿ, 1983ರಲ್ಲಿ ಗದಗಕರ್ ಮತ್ತು ಎನ್‌. ವಿ. ಜೋಶಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಕಣಜಗಳು ಕುಳಿತಿರುವವರು, ಕಾದಾಡುವವರು, ಆಹಾರ ತರುವವರು ಎಂದು ಮೂರು ಬಗೆಯಾಗಿ ಒಡೆದು ಕಂಡವು. ಇಂಥ ಕೀಟಗಳಲ್ಲಿ ರಾಣಿ ಬಡಿದು ಬೆದರಿಸಿ ಆಳುತ್ತಾಳೆ ಎಂಬುದು ಅಂದಿನ ತಿಳಿವಳಿಕೆ. ಇಲ್ಲಿಯ ರಾಣಿ ಇದ್ದದ್ದು ಕುಳಿತಿರುವವರ ಗುಂಪಿನಲ್ಲಿ! ಯಾರನ್ನೂ ಗದರದ ಈ ಸಾಧು ರಾಣಿ ಇರುವಷ್ಟು ದಿನ ಬೇರಾವ ಕಣಜವೂ ಮೊಟ್ಟೆಯಿಡುವುದಿಲ್ಲ. ಆಕೆ ಹೊಟ್ಟೆಯನ್ನು ಗೂಡಿಗೆ ಉಜ್ಜುತ್ತ ಸವರುವ ರಾಸಾಯನಿಕವೇ ಆಕೆಯ ಇರವನ್ನು ಸಾರುತ್ತದೆ ಎಂಬುದು, ಅದರ ಮೂಲ ಹೊಟ್ಟೆಯ ತುದಿಯಲ್ಲಿರುವ ಡ್ಯೂಫೋರ್ ಗ್ರಂಥಿ ಎಂಬುದು ಮುಂದೆ ತಿಳಿದುಬಂತು.

ಈ ರಾಣಿಯನ್ನು ಗೂಡಿನಿಂದ ತೆಗೆದರೆ, ನಿಮಿಷಗಳೊಳಗೆ ಒಬ್ಬ ಕೆಲಸಗಾರ್ತಿ ಉಗ್ರರೂಪ ತಾಳಿ ಸಿಕ್ಕಸಿಕ್ಕವರ ಮೇಲೆ ಎರಗುತ್ತಾಳೆ. ರಾಣಿಯನ್ನು ಮರಳಿ ಬಿಟ್ಟರೆ ಆ ಕೂಡಲೇ ತಣ್ಣಗಾಗುತ್ತಾಳೆ. ಬಿಡದಿದ್ದರೆ ಸುಮಾರು ವಾರದಲ್ಲಿ ಅವಳೇ ಮೊಟ್ಟೆಯಿಡತೊಡಗಿ, ಹಳೆಯವಳಷ್ಟೇ ಸಾಧುವಾದ ಹೊಸ ರಾಣಿಯಾಗುತ್ತಾಳೆ. ದಾಯಾದಿ ಕಲಹವಿಲ್ಲದ ಪಟ್ಟ ನಮ್ಮ ಚರಿತ್ರೆಯಲ್ಲಿ ಅಪರೂಪ, ಆದರೆ ಇಲ್ಲಿ ಯಾರೂ ಅವಳನ್ನು ಎದುರಿಸುವುದಿಲ್ಲ. ಹಾಗಾದರೆ ವಾರಸುದಾರಳು ಮೊದಲೇ ಗೊತ್ತಾಗಿರುತ್ತಾಳೆಯೇ? ಮೈಯ ಗಾತ್ರದಿಂದಾಗಲಿ, ಅಂಡಾಶಯದ ಸ್ಥಿತಿಯಿಂದಾಗಲಿ, ಕಾದಾಟದಲ್ಲಿನ ಮೇಲುಗೈಯಿಂದಾಗಲಿ ಅವಳನ್ನು ಮುಂಚಿತವಾಗಿ ಗುರುತಿಸಲು ಸಂಶೋಧಕರಿಗೆ ಆಗಿರಲಿಲ್ಲ.

ಅನಿಂದಿತಾ ಭದ್ರಾ ಮತ್ತು ಗದಗಕರ್ 2008ರಲ್ಲಿ ಪ್ರಕಟಿಸಿದ ಪ್ರಯೋಗ ಈ ಪ್ರಶ್ನೆಯನ್ನು ಕಣಜಗಳಿಗೇ ಹಾಕಿತು. ಗೂಡನ್ನು ಎರಡಾಗಿ ಕತ್ತರಿಸಿ, ನಡುವೆ ತಂತಿ ಜಾಲರಿ ಇಟ್ಟು, ಕೆಲಸಗಾರರನ್ನು ಎರಡೂ ಕಡೆಗೆ ಹಂಚಲಾಯಿತು. ರಾಣಿಯಿಲ್ಲದ ಅರ್ಧದಲ್ಲಿ ಒಬ್ಬಳು ಉಗ್ರಳಾದಳು. ಬಳಿಕ ಅವಳನ್ನೂ ರಾಣಿಯನ್ನೂ ಅದಲುಬದಲು ಮಾಡಿದರು. ಅವಳು ನಿಜವಾದ ವಾರಸುದಾರಳಾಗಿದ್ದರೆ ಆಚೆ ಬದಿಯವರೂ ಒಪ್ಪಬೇಕು. ವಾರಸುದಾರಳು ಹಂಚಿಕೆಯಲ್ಲಿ ರಾಣಿಯ ಬದಿಗೆ ಬಿದ್ದಿದ್ದರೆ ಈಗ ಅವಳೇ ಎದ್ದು ನಿಲ್ಲಬೇಕು. ಕೆಲವು ಗೂಡುಗಳಲ್ಲಿ ಮೊದಲನೆಯವಳನ್ನೇ ಆಚೆ ಬದಿಯವರೂ ಒಪ್ಪಿದರು, ಇನ್ನು ಕೆಲವದರಲ್ಲಿ ಎರಡನೆಯವಳು ಎದ್ದಳು, ಆಗ ಮೊದಲನೆಯವಳು ಸುಮ್ಮನಾದಳು. ಮೂರನೆಯವಳು ಎಲ್ಲಿಯೂ ಏಳಲಿಲ್ಲ. ನಮಗೆ ಕಾಣದ ವಾರಸುದಾರಳು ಕಣಜಗಳಿಗೆ ಗೊತ್ತಿದ್ದಾಳೆ ಎಂದಲ್ಲದೆ ಇದಕ್ಕೆ ಬೇರೆ ಅರ್ಥ ಹೇಳುವುದು ಕಷ್ಟ. ಈ ಪ್ರಯೋಗಕ್ಕೆ ಬೇಕಾದ ಸಲಕರಣೆಗಳು ಚಾಕು, ಜಾಲರಿ ಮತ್ತು ಬಣ್ಣ ಎಂಬುದನ್ನು, ದುಬಾರಿ ಉಪಕರಣಗಳಿಲ್ಲದೆ ಒಳ್ಳೆಯ ವಿಜ್ಞಾನ ಸಾಧ್ಯವಿಲ್ಲವೆನ್ನುವವರು ಗಮನಿಸಬೇಕು.

ಅಲೋಕ್ ಬಂಗ್ ಅವರೊಡನೆ 2012ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ರಾಣಿಯನ್ನು, ಆಮೇಲೆ ಅವಳ ಜಾಗಕ್ಕೆ ಬಂದವಳನ್ನು, ಹೀಗೆ ಒಬ್ಬೊಬ್ಬರನ್ನೇ ತೆಗೆಯುತ್ತ ಹೋದರೂ ಮುಂದಿನವಳು ಜಗಳವಿಲ್ಲದೆ ಸ್ಥಾನಕ್ಕೆ ಬಂದಳು. ಗೂಡಿನಲ್ಲಿ ಒಂದು ಸರದಿಯೇ ಇತ್ತು. ಸರದಿಯಲ್ಲಿ ವಯಸ್ಸಾದವರಿಗೆ ಮೊದಲ ಸ್ಥಾನ ಸಿಗುವುದು ಹೆಚ್ಚು, ಆದರೆ ಅದು ಕಟ್ಟುನಿಟ್ಟಾದ ನಿಯಮವಲ್ಲ.

ಪ್ರತಿಸ್ಪರ್ಧಿಯೇ ಇಲ್ಲದ ಮೇಲೆ ಹೊಸ ರಾಣಿ ಆ ವಾರವೆಲ್ಲ ಅಷ್ಟೊಂದು ಕೆರಳುವುದೇಕೆ? ಗದಗಕರ್ ಗುಂಪಿನವರ ಒಂದು ಊಹೆಯೆಂದರೆ, ಆ ಆಕ್ರಮಣದ ಗುರಿ ಇತರರನ್ನು ಅಡಗಿಸುವುದಲ್ಲ. ಅದು ತನ್ನದೇ ಅಂಡಾಶಯ ಬೇಗ ಬಲಿಯುವಂತೆ ಆಕೆ ತನ್ನ ಮೈಯನ್ನು ಹುರಿಗೊಳಿಸಿಕೊಳ್ಳುವ ಬಗೆ. ಇದು ನಿಜವಾದರೆ, ನಾವು ಕಾದಾಟವೆಂದು ಪುಸ್ತಕದಲ್ಲಿ ಬರೆದುಕೊಂಡ ಎಷ್ಟೋ ನಡವಳಿಕೆಗಳನ್ನು ಬೇರೆ ಕಾಲಂನಲ್ಲಿ ಬರೆಯಬೇಕಾಗುತ್ತದೆ.