ಮೊದಲು ಊರು ಕೇಳಿ, ಆಮೇಲೆ ಅಡುಗೆ

ಕಳೆದ ಸಲ ಟೇಸ್ಟಿಂಗ್ ಮುಗಿದ ಮೇಲೆ ನಿಮ್ಮಲ್ಲಿ ತುಂಬಾ ಜನ ಒಂದೇ ಪ್ರಶ್ನೆ ಕೇಳಿದಿರಿ. ಫ್ರೆಂಚ್ ರೆಡ್ ವೈನ್ ಜೊತೆ ಏನು ತಿನ್ನಬೇಕು? ನಾನು ಹೇಳುವುದಿಷ್ಟೇ. ಮೊದಲು ಆ ಬಾಟಲಿಯ ಊರು ಯಾವುದು ನೋಡಿ. ಎರಡೂ ಫ್ರಾನ್ಸಿನ ವೈನ್ ಪ್ರದೇಶಗಳೇ, ಆದರೆ ಬೋರ್ಡೋ ಬೇರೆ, ಬರ್ಗಂಡಿ ಬೇರೆ. ಇವತ್ತು ಬರ್ಗಂಡಿಯ ಮಾತೇ ಜಾಸ್ತಿ. ಊರು ವೈನನ್ನು ಹೇಗೆ ರೂಪಿಸುತ್ತದೆ ಎಂದು ನನಗೆ ಅರ್ಥವಾಗಿದ್ದೇ ಅದರಿಂದ.

ಇಲ್ಲಿ ಒಂದು ಕಥೆ ಹೇಳಲೇಬೇಕು. 1395ನೇ ಇಸವಿ. ಬರ್ಗಂಡಿಯನ್ನು ಆಳುತ್ತಿದ್ದವನು ಡ್ಯೂಕ್ ಫಿಲಿಪ್, ಧೈರ್ಯಶಾಲಿ ಎಂದು ಹೆಸರಾದವನು. ಆ ಹೊತ್ತಿಗೆ ರೈತರು ಗಾಮೆ ಅನ್ನುವ ದ್ರಾಕ್ಷಿ ಬೆಳೆಯತೊಡಗಿದ್ದರು. ಯಾಕೆ ಬೆಳೆಯಬಾರದು ಹೇಳಿ? ಬರ್ಗಂಡಿಯ ಹೆಸರಾಂತ ಕೆಂಪು ವೈನ್ ದ್ರಾಕ್ಷಿ ಪಿನೋ ನ್ವಾರ್‌ಗಿಂತ ಬೇಗ ಹಣ್ಣಾಗುತ್ತದೆ, ಫಸಲು ಜಾಸ್ತಿ, ಆರೈಕೆ ಕಮ್ಮಿ. ಪ್ಲೇಗು ಬಂದು ಹೋಗಿ ಐವತ್ತು ವರ್ಷವೂ ಆಗಿರಲಿಲ್ಲ, ದುಡಿಯುವ ಕೈಗಳೇ ಇರಲಿಲ್ಲ. ಆದರೆ ಡ್ಯೂಕನಿಗೆ ನಾಡಿನ ವೈನಿನ ಹೆಸರು ಕೆಡುತ್ತದೆ ಎಂಬ ಚಿಂತೆ. ಗಾಮೆ ಕೆಟ್ಟ ಗಿಡ, ದ್ರೋಹಿ ಗಿಡ, ಕಿತ್ತುಹಾಕಿ ಎಂದು ಆಜ್ಞೆ ಹೊರಡಿಸಿದ. ಪಾಪ, ಗಿಡದ ಮೇಲೆ ದ್ರೋಹದ ಆರೋಪ! ಸಾಲದ್ದಕ್ಕೆ ದ್ರಾಕ್ಷಿತೋಟಕ್ಕೆ ಗೊಬ್ಬರ ಹಾಕುವುದನ್ನೂ ನಿಲ್ಲಿಸಿದ.

ರೈತರ ಹೊಟ್ಟೆಪಾಡು ನೆನೆದರೆ ಬೇಜಾರಾಗುತ್ತದೆ. ಆದರೂ ಆ ನೆಲಕ್ಕೆ ಪಿನೋನೇ ಸರಿ. ಡಿಜೋನ್‌ನಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ಚಾಚಿದ ಕೋಟ್ ದೋರ್ ಇಳಿಜಾರಿನಲ್ಲಿ ಸುಣ್ಣಕಲ್ಲು, ಜೇಡಿಮಣ್ಣು. ಗಾಮೆಗೆ ಒಗ್ಗಿದ್ದು ಇನ್ನೂ ದಕ್ಷಿಣದ ಬೋಜೊಲೆಯ ಗ್ರಾನೈಟ್. ಅಲ್ಲಿನ ಫ್ಲರಿ ವೈನ್ ಒಂದು ಗುಟುಕು ಕುಡಿದರೆ ಈ ಗಿಡವನ್ನು ಬೈಯಲು ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೇ ಹೇಳುವುದು, ಊರು ಕೇಳಿ.

ಈಗ ತಟ್ಟೆಗೆ ಬರೋಣ. ಪಿನೋ ಹಣ್ಣಿನ ಸಿಪ್ಪೆ ತೆಳು. ಹಾಗಾಗಿ ವೈನಿನಲ್ಲಿ ಒಗರು ಕಮ್ಮಿ, ಹುಳಿ ಚುರುಕು. ಬೋರ್ಡೋದ ಕ್ಯಾಬರ್ನೆ ದ್ರಾಕ್ಷಿಯ ಸಿಪ್ಪೆ ದಪ್ಪ, ಒಗರು ಜಾಸ್ತಿ. ಆ ಒಗರನ್ನು ಮಾಂಸದ ಪ್ರೋಟೀನು, ಕೊಬ್ಬು ಪಳಗಿಸುತ್ತವೆ. ಅಲ್ಲಿ ಕುರಿಮರಿ ಮಾಂಸ ಸುಟ್ಟು ತಿನ್ನುವುದು ಸುಮ್ನೆ ಅಲ್ಲ. ಬರ್ಗಂಡಿಯವರು ದನದ ಮಾಂಸವನ್ನು ತಮ್ಮ ವೈನಿನಲ್ಲೇ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ, ಸಣ್ಣ ಈರುಳ್ಳಿ, ಅಣಬೆ ಹಾಕಿ. ಮೊಟ್ಟೆಗೂ ರೆಡ್ ವೈನ್ ಸಾಸೇ! ಮಾಂಸ ತಿನ್ನದವರು ಆ ಅಣಬೆಯನ್ನೇ ಬೆಣ್ಣೆಯಲ್ಲಿ ಹುರಿದುಕೊಳ್ಳಿ. ಹಳೆಯ ಪಿನೋದಲ್ಲಿ ಬರುವ ಒದ್ದೆ ಮಣ್ಣಿನ ವಾಸನೆಗೆ ಅಣಬೆಯಷ್ಟು ಚೆನ್ನಾಗಿ ಹೊಂದುವುದು ಇನ್ನೊಂದಿಲ್ಲ.

ನಮ್ಮ ಕೋಳಿ ಸಾರಿಗೆ? ಮೊದಲ ಸಾಲಿನಿಂದ ಬಂದ ಪ್ರಶ್ನೆ, ಒಳ್ಳೆಯದೇ. ಒಗರು, ಆಲ್ಕೋಹಾಲ್ ಎರಡೂ ಮೆಣಸಿನಕಾಯಿಯ ಉರಿಯನ್ನು ಏರಿಸುತ್ತವೆ. ಬೋರ್ಡೋ ಬೇಡ. ಬೋಜೊಲೆಯನ್ನು ಸ್ವಲ್ಪ ತಣ್ಣಗೆ ಮಾಡಿ ಕುಡಿಯಿರಿ.

ಸಮಯ ಆಯಿತು ಎಂದು ಸನ್ನೆ ಬರುತ್ತಿದೆ. ಬರ್ಗಂಡಿಯ ಬೋನ್ ಪಟ್ಟಣದಲ್ಲಿ 1443ರಲ್ಲಿ ಶುರುವಾದ ಧರ್ಮಾಸ್ಪತ್ರೆ, 1859ರಿಂದ ನಡೆಯುವ ಅದರ ವೈನ್ ಹರಾಜು, ಇವೆಲ್ಲ ಇನ್ನೊಂದು ದಿನಕ್ಕೆ. ಚೀಸ್ ಬಗ್ಗೆ ಒಂದೇ ಮಾತು: ಎಪ್ವಾಸ್‌ನಂಥ ಘಾಟು ಚೀಸ್‌ಗೆ ಬಿಳಿ ವೈನೇ ವಾಸಿ. ಮತ್ತೆ, ನಮ್ಮ ಬೇಸಿಗೆಯ 30 ಡಿಗ್ರಿಯಲ್ಲಿ ಬರ್ಗಂಡಿ ಕುಡಿಯಬೇಡಿ, ದಯವಿಟ್ಟು. 14ರಿಂದ 16 ಡಿಗ್ರಿ ಸಾಕು. ಬಾಟಲಿಗಳನ್ನು ಈಗತಾನೆ ಫ್ರಿಜ್‌ನಿಂದ ತೆಗೆಸಿದ್ದೇನೆ, ಉಳಿದ ಪ್ರಶ್ನೆಗಳನ್ನು ಆ ಟೇಬಲ್ ಹತ್ತಿರವೇ ಕೇಳಿ.