ಮೈಕ್ರೋಮೀಟರಿನಿಂದ ಕೋಟಿ ವರ್ಷದವರೆಗೆ: ಪ್ರೌಢಶಾಲೆಯ ಜೀವವಿಜ್ಞಾನ, ಭೂವಿಜ್ಞಾನ ಪಾಠದಲ್ಲಿ ಅಳತೆ

ಎಲ್ಲರಿಗೂ ನಮಸ್ಕಾರ.

ಒಂಬತ್ತನೆಯ ತರಗತಿಯ ಮಕ್ಕಳಿಗೆ ಜೀವಕೋಶದ ಚಿತ್ರ ಬರೆಯಲು ಹೇಳಿ ನೋಡಿ, ಭಾಗಗಳ ಹೆಸರಿನ ಸಮೇತ ಬರೆದುಕೊಡುತ್ತಾರೆ. ಭೂಮಿಯ ಪದರಗಳನ್ನು ಕೇಳಿ, ಭೂಕವಚ, ಮ್ಯಾಂಟಲ್, ಕೇಂದ್ರಗೋಳ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಅದರ ಬೆನ್ನಿಗೇ ‘ಜೀವಕೋಶ ಎಷ್ಟು ದೊಡ್ಡದು? ಭೂಕವಚ ಎಷ್ಟು ದಪ್ಪ?’ ಎಂದು ಕೇಳಿದರೆ ‘ತುಂಬಾ ಚಿಕ್ಕದು’, ‘ತುಂಬಾ ದಪ್ಪ’ ಎಂಬ ಉತ್ತರ ಬರುತ್ತದೆ. ಹೆಸರು ಗೊತ್ತು, ಗಾತ್ರ ಗೊತ್ತಿಲ್ಲ. ಈ ಎರಡು ವಿಷಯಗಳಿಗೂ ಇರುವ ದೊಡ್ಡ ತೊಡಕು ಇದೇ. ಒಂದರಲ್ಲಿ ಗಾತ್ರ ಕಣ್ಣಿಗೆ ಎಟುಕುವುದಿಲ್ಲ, ಇನ್ನೊಂದರಲ್ಲಿ ಕಾಲ ಊಹೆಗೆ ಎಟುಕುವುದಿಲ್ಲ. ಪಠ್ಯಪುಸ್ತಕದ ಚಿತ್ರಗಳೋ, ಎಲ್ಲವನ್ನೂ ಒಂದೇ ಪುಟಕ್ಕೆ ಕುಗ್ಗಿಸಿಯೋ ಹಿಗ್ಗಿಸಿಯೋ ಕೂರಿಸಿಬಿಡುತ್ತವೆ. ಆದ್ದರಿಂದ ಇವತ್ತು ಹೊಸ ಪ್ರಯೋಗ ಯಾವುದನ್ನೂ ಹೇಳುವುದಿಲ್ಲ. ಎಲ್ಲರೂ ಮಾಡಿಸುವ ಪ್ರಯೋಗಗಳನ್ನೇ ಅಳತೆಯ ಪ್ರಯೋಗಗಳಾಗಿ ಮಾಡಿಸುವುದು ಹೇಗೆ, ಅವು ಎಲ್ಲಿ ಕೆಡುತ್ತವೆ, ಯಾಕೆ ಕೆಡುತ್ತವೆ ಎಂಬುದನ್ನು ಹೇಳುತ್ತೇನೆ.

ಈರುಳ್ಳಿ ಪೊರೆಯಿಂದ ಶುರು ಮಾಡೋಣ. ಆದರೆ ಸ್ಲೈಡ್ ಮಾಡುವ ಮುಂಚೆ ಸೂಕ್ಷ್ಮದರ್ಶಕವನ್ನೇ ಅಳೆಯಿಸಬೇಕು. 4 ಪಟ್ಟಿನ ಆಬ್ಜೆಕ್ಟಿವ್ (ವಸ್ತುವಿನ ಕಡೆಯ ಮಸೂರ) ಕೆಳಗೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಇಡಿ. 10 ಪಟ್ಟಿನ ಐಪೀಸ್ (ಕಣ್ಣಿನ ಕಡೆಯ ಮಸೂರ) ಇರುವ ಸಾಮಾನ್ಯ ಶಾಲಾ ಸೂಕ್ಷ್ಮದರ್ಶಕದಲ್ಲಿ ಕಾಣುವ ಬೆಳಕಿನ ವೃತ್ತದ ಅಡ್ಡಳತೆ ಸುಮಾರು 4.5 ಮಿಲಿಮೀಟರ್. ನಿಮ್ಮದರಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು, ಮಕ್ಕಳು ಅಳೆದದ್ದನ್ನೇ ಹಿಡಿಯಿರಿ. 10 ಪಟ್ಟಿನ ಆಬ್ಜೆಕ್ಟಿವ್‌ಗೆ ಬಂದರೆ ವೃತ್ತ 4.5 ಅನ್ನು 4ರಿಂದ ಗುಣಿಸಿ 10ರಿಂದ ಭಾಗಿಸಿದಷ್ಟು, ಅಂದರೆ 1.8 ಮಿಲಿಮೀಟರ್. 40 ಪಟ್ಟಿನದರಲ್ಲಿ 0.45 ಮಿಲಿಮೀಟರ್. ಈ ಕೊನೆಯದನ್ನು ಲೆಕ್ಕ ಹಾಕಿಯೇ ತಿಳಿಯಬೇಕು, ಸ್ಕೇಲ್ ಇಟ್ಟು ನೋಡಲು ಬಿಡಬೇಡಿ. ಸ್ಕೇಲಿನ ದಪ್ಪಕ್ಕೆ ಮಸೂರ ತಾಗಿ ಗೀರು ಬೀಳುತ್ತದೆ. ಈ ಮೂರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಉಪಕರಣದ ಬುಡಕ್ಕೆ ಅಂಟಿಸಿಬಿಟ್ಟರೆ ವರ್ಷವಿಡೀ ಕೆಲಸಕ್ಕೆ ಬರುತ್ತವೆ.

ಇನ್ನು ಪೊರೆ. ಈರುಳ್ಳಿಯ ದಪ್ಪ ಎಸಳಿನ ಒಳಮೈಯಿಂದ, ಅಂದರೆ ತಗ್ಗಾದ ಕಡೆಯಿಂದ, 5 ಮಿಲಿಮೀಟರ್ ಚೌಕದಷ್ಟು ತೆಗೆದರೆ ಸಾಕು. ಮಕ್ಕಳು ದೊಡ್ಡ ತುಂಡು ಎಳೆಯುತ್ತಾರೆ, ಅದು ಸ್ಲೈಡಿನ ಮೇಲೆ ಮಡಚಿಕೊಳ್ಳುತ್ತದೆ, ಎರಡು ಪದರ ಕೋಶಗಳು ಒಂದರ ಮೇಲೊಂದು ಕಂಡು ಗೋಜಲಾಗುತ್ತದೆ. ಒಣ ಗಾಜಿನ ಮೇಲೆ ಇಟ್ಟರೂ ಸುರುಳಿಯಾಗುತ್ತದೆ. ಮೊದಲು ನೀರಿನ ಹನಿ, ಆಮೇಲೆ ಪೊರೆ. ಕವರ್ ಸ್ಲಿಪ್‌ನ ಒಂದು ಅಂಚನ್ನು ನೀರಿಗೆ ತಾಗಿಸಿ, ಓರೆಯಾಗಿ ಹಿಡಿದು, ಸೂಜಿಯ ಆಸರೆಯಲ್ಲಿ ನಿಧಾನ ಇಳಿಸಬೇಕು. ಧಡಕ್ಕನೆ ಬಿಟ್ಟರೆ ಗಾಳಿಗುಳ್ಳೆ ಸೇರಿಕೊಳ್ಳುತ್ತದೆ. ಗುಂಡಗೆ, ದಪ್ಪ ಕಪ್ಪು ಅಂಚಿನೊಂದಿಗೆ ಎದ್ದು ಕಾಣುವ ಆ ಗುಳ್ಳೆಯನ್ನೇ ಮಕ್ಕಳು ‘ಕೋಶ’ ಎಂದು ಶ್ರದ್ಧೆಯಿಂದ ಬರೆದು ತರುತ್ತಾರೆ! ಹಾಗೆ ಬರೆದವರಿಗೆ ಅಂಕ ಕಳೆಯುವ ಬದಲು, ಕವರ್ ಸ್ಲಿಪ್ ಅನ್ನು ಸೂಜಿಯಿಂದ ಮೆಲ್ಲಗೆ ಒತ್ತಿಸಿ. ಗುಳ್ಳೆ ಆಕಾರ ಬದಲಿಸಿ ಸರಿದಾಡುತ್ತದೆ, ಕೋಶ ತನ್ನ ನೆರೆಯ ಕೋಶಗಳೊಂದಿಗೆ ಇದ್ದಂತೆಯೇ ಇರುತ್ತದೆ.

ಬಣ್ಣಕ್ಕೆ ಅಯೋಡಿನ್ ದ್ರಾವಣ ಬೇಕು: 1 ಗ್ರಾಂ ಅಯೋಡಿನ್, 2 ಗ್ರಾಂ ಪೊಟ್ಯಾಸಿಯಂ ಅಯೋಡೈಡ್, 300 ಮಿಲಿಲೀಟರ್ ನೀರು. ಕೇವಲ ನೀರಿನಲ್ಲಿ ಅಯೋಡಿನ್ ಕರಗುವುದು ಅತ್ಯಲ್ಪ. ಅದಕ್ಕೇ ಪೊಟ್ಯಾಸಿಯಂ ಅಯೋಡೈಡನ್ನು ಮೊದಲು ಸ್ವಲ್ಪವೇ ನೀರಿನಲ್ಲಿ ಕರಗಿಸಿ, ಅದರಲ್ಲಿ ಅಯೋಡಿನ್ ಹರಳು ಪೂರ್ತಿ ಕರಗಿದ ಮೇಲೆ ಉಳಿದ ನೀರು ಸೇರಿಸಬೇಕು. ಕ್ರಮ ತಪ್ಪಿದರೆ ಹರಳು ತಳದಲ್ಲೇ ಕೂತಿರುತ್ತದೆ, ದ್ರಾವಣ ತೆಳು ಹಳದಿಯಾಗಿ ಉಳಿಯುತ್ತದೆ.

ಈಗ ಎಣಿಕೆ. 10 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ವೃತ್ತದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಉದ್ದಕ್ಕೆ ಆರು ಕೋಶ ಹಿಡಿಸಿದವು ಎನ್ನಿ. 1,800 ಮೈಕ್ರೋಮೀಟರ್ (1 ಮಿಲಿಮೀಟರ್ ಎಂದರೆ 1,000 ಮೈಕ್ರೋಮೀಟರ್) ಭಾಗಿಸು 6, ಅಂದರೆ ಒಂದು ಕೋಶದ ಉದ್ದ 300 ಮೈಕ್ರೋಮೀಟರ್, 0.3 ಮಿಲಿಮೀಟರ್. ಇಲ್ಲಿ ನಿಲ್ಲಿಸಿ ಒಂದು ಪ್ರಶ್ನೆ ಹಾಕಿ: ಬರಿಗಣ್ಣು ಸುಮಾರು 0.1 ಮಿಲಿಮೀಟರಿನ ಅಂತರವನ್ನು ಗುರುತಿಸಬಲ್ಲದು, ಹಾಗಾದರೆ 0.3 ಮಿಲಿಮೀಟರಿನ ಈ ಕೋಶ ಯಾಕೆ ಕಾಣುವುದಿಲ್ಲ? ಕೋಶ ಚಿಕ್ಕದಾದ್ದರಿಂದ ಅಲ್ಲ, ಅದು ಬಣ್ಣವಿಲ್ಲದೆ ಪಾರದರ್ಶಕವಾಗಿರುವುದರಿಂದ, ಕೋಶಭಿತ್ತಿ ಬಹಳ ತೆಳುವಾಗಿರುವುದರಿಂದ. ‘ಜೀವಕೋಶ ಬರಿಗಣ್ಣಿಗೆ ಕಾಣದು’ ಎಂಬ ಉರುಹೊಡೆದ ವಾಕ್ಯವನ್ನು ಮಕ್ಕಳೇ ತಿದ್ದಿಕೊಳ್ಳುವ ಜಾಗ ಇದು. ಕೆನ್ನೆಯ ಒಳಪದರದ ಕೋಶ ಸುಮಾರು 60, ಕೆಂಪು ರಕ್ತಕಣ 7ರಿಂದ 8, ಸಾಮಾನ್ಯ ಬ್ಯಾಕ್ಟೀರಿಯಾ 1ರಿಂದ 2 ಮೈಕ್ರೋಮೀಟರ್. ಈ ಸಾಲನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ, ಮಣ್ಣಿನ ಪಾಠಕ್ಕೆ ಬೇಕಾಗುತ್ತದೆ.

ಅಭಿಸರಣೆಗೆ, ಅಂದರೆ ಕೋಶಪೊರೆಯ ಮೂಲಕ ನೀರು ಒಳಹೊರಗೆ ಸಾಗುವುದಕ್ಕೆ, ಆಲೂಗಡ್ಡೆಯ ಪ್ರಯೋಗ ಎಲ್ಲರಿಗೂ ಗೊತ್ತು. 5 ಸೆಂಟಿಮೀಟರ್ ಉದ್ದದ ಕೊಳವೆತುಂಡುಗಳನ್ನು ಸಕ್ಕರೆ ದ್ರಾವಣಗಳಲ್ಲಿ ಇಟ್ಟು ಮರುದಿನ ನೋಡುವುದು. ಉದ್ದ ಅಳೆದರೆ ಬದಲಾವಣೆ ಒಂದೆರಡು ಮಿಲಿಮೀಟರ್, ಸ್ಕೇಲ್ ಓದುವ ತಪ್ಪೇ ಅದರ ಅರ್ಧದಷ್ಟಿರುತ್ತದೆ. ತೂಕ ಮಾಡಿಸಿ. 1 ಸೆಂಟಿಮೀಟರ್ ಅಡ್ಡಳತೆಯ ತುಂಡು ಸುಮಾರು 4 ಗ್ರಾಂ ತೂಗುತ್ತದೆ, ಹಾಗಾಗಿ 0.1 ಗ್ರಾಂ ತೋರಿಸುವ ತಕ್ಕಡಿ ಸಾಲದು, 0.01 ಗ್ರಾಂ ತೋರಿಸುವಂಥದ್ದು ಬೇಕು. ಅಂಥದ್ದು ಇಲ್ಲದಿದ್ದರೆ ಹತ್ತು ತುಂಡನ್ನು ಒಟ್ಟಿಗೆ ತೂಗಿಸಿ. ದ್ರಾವಣಗಳು 0, 0.2, 0.4, 0.6, 0.8, 1.0 ಮೋಲಾರ್ (1 ಮೋಲಾರ್ ಎಂದರೆ ಒಂದು ಲೀಟರ್ ದ್ರಾವಣದಲ್ಲಿ 342 ಗ್ರಾಂ ಸಕ್ಕರೆ). ಎಡವಟ್ಟಾಗುವುದು ಈ ಕೊನೆಯದರಲ್ಲಿ. 34.2 ಗ್ರಾಂ ಸಕ್ಕರೆಯನ್ನು 100 ಮಿಲಿಲೀಟರ್ ನೀರಿಗೆ ಸುರಿದರೆ ಒಟ್ಟು ಗಾತ್ರ ಸುಮಾರು 121 ಮಿಲಿಲೀಟರ್ ಆಗಿ, ದ್ರಾವಣ 1 ಮೋಲಾರ್ ಆಗುವ ಬದಲು 0.82ರ ಆಸುಪಾಸಿಗೆ ಇಳಿಯುತ್ತದೆ. ಕಡಿಮೆ ನೀರಿನಲ್ಲಿ ಕರಗಿಸಿ, ಆಮೇಲೆ 100ರ ಗೆರೆಗೆ ತುಂಬಿಸಬೇಕು. ಎಲ್ಲ ತುಂಡುಗಳನ್ನೂ ಒಂದೇ ರೀತಿ ಒರೆಸದಿದ್ದರೆ ಮೇಲಂಟಿದ ನೀರೇ ಫಲಿತಾಂಶವಾಗುತ್ತದೆ. ತುಂಡಿನ ತುದಿಯಲ್ಲಿ ಸಿಪ್ಪೆ ಉಳಿದರೆ ಅದು ನೀರನ್ನು ಬಿಡುವುದಿಲ್ಲ. ತೂಕದ ಶೇಕಡಾ ಬದಲಾವಣೆಯನ್ನು ನಕ್ಷೆಗೆ ಹಾಕಿದಾಗ ಗೆರೆ ಸೊನ್ನೆಯನ್ನು ದಾಟುವ ಬಿಂದು, ಅಂದರೆ ತೂಕ ಹೆಚ್ಚೂ ಕಡಿಮೆಯೂ ಆಗದ ಸಾಂದ್ರತೆ, ಸಾಮಾನ್ಯವಾಗಿ 0.3 ಮೋಲಾರ್ ಹತ್ತಿರ ಬೀಳುತ್ತದೆ.

ಎಲೆಯ ಪಿಷ್ಟ ಪರೀಕ್ಷೆಯ ಬಗ್ಗೆ ಎರಡೇ ಮಾತು. ಗಿಡವನ್ನು 24ರಿಂದ 48 ಗಂಟೆ ಕತ್ತಲಲ್ಲಿ ಇಡದೆ ಮಾಡಿದರೆ, ಬೆಳಕು ಬೀಳದ ಭಾಗವೂ ನೀಲಿಗಪ್ಪಾಗಿ ಪಾಠ ತಲೆಕೆಳಗಾಗುತ್ತದೆ. ಎಲೆಯ ಹಸಿರು ತೆಗೆಯಲು ಬಳಸುವ ಆಲ್ಕೋಹಾಲನ್ನು ನೇರ ಉರಿಯ ಮೇಲೆ ಇಡಲೇಬಾರದು. ಅದು 78 ಡಿಗ್ರಿಗೆ ಕುದಿಯುತ್ತದೆ, ಆವಿಗೆ ಬೆಂಕಿ ಹತ್ತುತ್ತದೆ. ಕುದಿಸಿದ ನೀರನ್ನು ಬೇರೆಡೆ ತಂದು, ಉರಿ ಆರಿಸಿ, ಅದರೊಳಗೆ ಆಲ್ಕೋಹಾಲಿನ ಪ್ರನಾಳ ಇಡಿ.

ಮಣ್ಣಿನ ಬಾಟಲಿಗೆ ಬರೋಣ, ಜೀವವಿಜ್ಞಾನ ಮತ್ತು ಭೂವಿಜ್ಞಾನ ನಿಜವಾಗಿ ಕೈಕುಲುಕುವುದು ಇಲ್ಲಿ. ನೇರ ಗೋಡೆಯ ಗಾಜಿನ ಬಾಟಲಿ, ಕಾಲು ಭಾಗ ಜರಡಿ ಹಿಡಿದ ಮಣ್ಣು, ಮೇಲೆ 3 ಸೆಂಟಿಮೀಟರ್ ಖಾಲಿ ಬಿಟ್ಟು ನೀರು, ಒಂದು ಚಮಚ ಬಟ್ಟೆ ಒಗೆಯುವ ಪುಡಿ. ಪುಡಿ ಯಾಕೆಂದರೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿದ್ದರೆ ಮರಳಿನಷ್ಟೇ ಬೇಗ ಕೆಳಗೆ ಬಿದ್ದು ಮೋಸಮಾಡುತ್ತವೆ. ಐದು ನಿಮಿಷ ಬಿಡದೆ ಕುಲುಕಿ, ಕೆಳಗಿಟ್ಟ ಕ್ಷಣದಿಂದ ಗಡಿಯಾರ ನೋಡಬೇಕು.

ಇಳಿದ ಪದರದ ಮೇಲಂಚಿಗೆ ಬಾಟಲಿಯ ಮೇಲೆ ಯಾವಾಗ ಗುರುತು ಹಾಕಬೇಕು ಎಂಬುದಕ್ಕೆ ಹಲವು ಕೈಪಿಡಿಗಳು ಕಾರಣ ಹೇಳದೆ ಸಮಯ ಮಾತ್ರ ಕೊಡುತ್ತವೆ. ಕಾರಣ ಸರಳ. ನೀರಿನಲ್ಲಿ ಸಣ್ಣ ಕಣ ಬೀಳುವ ವೇಗ ಅದರ ಅಡ್ಡಳತೆಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಮರಳಿಗೂ ಹೂಳಿಗೂ ಗಡಿ 0.05 ಮಿಲಿಮೀಟರ್, ಹೂಳಿಗೂ ಜೇಡಿಗೂ ಗಡಿ 0.002 ಮಿಲಿಮೀಟರ್. 20 ಡಿಗ್ರಿ ನೀರಿನಲ್ಲಿ ಮೊದಲನೆಯ ಗಾತ್ರದ ಕಣ 10 ಸೆಂಟಿಮೀಟರ್ ಬೀಳಲು ಸುಮಾರು 45 ಸೆಕೆಂಡ್ ಬೇಕು. ಎರಡನೆಯದು ಅದಕ್ಕಿಂತ 25 ಪಟ್ಟು ಚಿಕ್ಕದು, ಹಾಗಾಗಿ 25ರ ವರ್ಗ, 625 ಪಟ್ಟು ನಿಧಾನ. 45 ಗುಣಿಸು 625, ಹತ್ತಿರ ಹತ್ತಿರ ಎಂಟು ಗಂಟೆ! ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಒಂದೇ ಪೀರಿಯಡ್‌ನಲ್ಲಿ ಈ ಪ್ರಯೋಗ ಮುಗಿಯದು ಎಂಬುದು ಆಗ ಅವರಿಗೇ ತಿಳಿಯುತ್ತದೆ. ಬೆಳಗಿನ ಮೊದಲ ಪೀರಿಯಡ್‌ನಲ್ಲಿ ಕುಲುಕಿ, ಶಾಲೆ ಬಿಡುವ ಹೊತ್ತಿಗೆ ಎರಡನೆಯ ಗುರುತು ಹಾಕಬಹುದು. ಜೇಡಿಗೆ ಕೆಲವು ದಿನ ಕಾಯಬೇಕು. ಬಾಟಲಿಯನ್ನು ಯಾರೂ ಅಲ್ಲಾಡಿಸದ ಜಾಗದಲ್ಲಿಡಿ.

ಲೆಕ್ಕಕ್ಕೂ ಬಾಟಲಿಗೂ ತಾಳೆಯಾಗದಿದ್ದರೆ ಗಾಬರಿ ಬೇಡ. ಆ ಲೆಕ್ಕ ಒಂಟಿ ಕಣದ್ದು. ಕೆಸರು ಗಟ್ಟಿಯಾಗಿದ್ದಾಗ ಕಣಗಳು ಒಂದನ್ನೊಂದು ತಡೆಯುತ್ತವೆ, ಆಗ ಹೆಚ್ಚು ಹೊತ್ತು ಹಿಡಿಯುತ್ತದೆ. ನೀರು 30 ಡಿಗ್ರಿ ಇದ್ದರೆ ಅದರ ಸ್ನಿಗ್ಧತೆ (ಹರಿಯಲು ಒಡ್ಡುವ ತಡೆ) ಕಡಿಮೆಯಾಗಿ ಐದರಲ್ಲಿ ಒಂದು ಪಾಲು ಸಮಯ ಉಳಿತಾಯವಾಗುತ್ತದೆ. ನೀರಿನ ಆಳ 15 ಸೆಂಟಿಮೀಟರ್ ಇದ್ದರೆ ಸಮಯವೂ ಒಂದೂವರೆ ಪಟ್ಟು. ಜೇಡಿಯ ಪದರ ನೀರು ಹಿಡಿದು ಉಬ್ಬಿರುವುದರಿಂದ ಅದರ ಪಾಲು ನಿಜಕ್ಕಿಂತ ಜಾಸ್ತಿ ಕಾಣುತ್ತದೆ, ಇದನ್ನು ವರದಿಯಲ್ಲಿ ಬರೆಸಲೇಬೇಕು. ಮೇಲೆ ತೇಲುವ ಕಪ್ಪು ಕಸ ಸಾವಯವ ಪದಾರ್ಥ, ಅದನ್ನು ಪದರಗಳ ಲೆಕ್ಕಕ್ಕೆ ಸೇರಿಸಬೇಡಿ. ಆಮೇಲೆ ಹಲಗೆಯ ಮೂಲೆಯ ಆ ಸಾಲಿಗೆ ಮರಳಿ: ಜೇಡಿ ಕಣದ ಮೇಲ್ಮಿತಿ 2 ಮೈಕ್ರೋಮೀಟರ್, ಬ್ಯಾಕ್ಟೀರಿಯಾದ ಗಾತ್ರವೂ ಅಷ್ಟೇ. ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಎಲ್ಲಿ ಅಡಗಿ ಬಾಳುತ್ತದೆ ಎಂಬುದು ಆಗ ಚಿತ್ರವಿಲ್ಲದೆಯೇ ಕಣ್ಣಿಗೆ ಕಟ್ಟುತ್ತದೆ.

ಇದಕ್ಕೊಂದು ಬಾಲಂಗೋಚಿ. ಒಗೆಯುವ ಪುಡಿ ಹಾಕದ ಬೇರೆ ಬಾಟಲಿಯಿಂದ, ಮರಳು ಹೂಳು ಇಳಿದ ಮೇಲೆ ಉಳಿದ ಕದಡು ನೀರನ್ನು ಎರಡು ಲೋಟಕ್ಕೆ ಬಗ್ಗಿಸಿ, ಒಂದಕ್ಕೆ ಒಂದು ಚಮಚ ಉಪ್ಪು ಹಾಕಿ. ಉಪ್ಪಿನ ಲೋಟ ಬಹಳ ಬೇಗ ತಿಳಿಯಾಗುತ್ತದೆ. ಜೇಡಿ ಕಣಗಳ ಮೇಲಿನ ಋಣ ವಿದ್ಯುದಂಶ ಅವನ್ನು ದೂರ ದೂರ ಇಟ್ಟಿರುತ್ತದೆ. ಉಪ್ಪಿನ ಸೋಡಿಯಂ ಅಯಾನುಗಳು ಆ ವಿಕರ್ಷಣೆಯನ್ನು ತಗ್ಗಿಸಿದಾಗ ಕಣಗಳು ಗುಂಪುಗೂಡುತ್ತವೆ, ಗುಂಪಿನ ಅಡ್ಡಳತೆ ದೊಡ್ಡದು, ಬೀಳುವ ವೇಗವೂ ಹೆಚ್ಚು. ನದಿ ಸಮುದ್ರ ಸೇರುವಲ್ಲಿ ಕೆಸರು ಕೂರುವುದಕ್ಕೆ ನೀರಿನ ವೇಗ ತಗ್ಗುವುದರ ಜೊತೆಗೆ ಇದೂ ಒಂದು ಕಾರಣ. ಪುಡಿ ಹಾಕಿದ ಬಾಟಲಿಯ ನೀರಿನಲ್ಲಿ ಇದು ಸರಿಯಾಗಿ ಬರದು, ಕಣಗಳನ್ನು ಬಿಡಿಸಿಡುವುದೇ ಪುಡಿಯ ಕೆಲಸವಲ್ಲವೇ.

ಭೂಮಿಯ ಒಳರಚನೆಗೆ 70 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಅಗಲದ ಕಾಗದ ಸಾಕು. 1 ಮಿಲಿಮೀಟರಿಗೆ 10 ಕಿಲೋಮೀಟರ್ ಎಂದಿಟ್ಟುಕೊಂಡರೆ 6,371 ಕಿಲೋಮೀಟರ್ ತ್ರಿಜ್ಯ 63.7 ಸೆಂಟಿಮೀಟರ್ ಆಗುತ್ತದೆ. ಆ ಕಾಗದದಲ್ಲಿ 20 ಡಿಗ್ರಿಯ ಹೋಳು ಹಿಡಿಸುತ್ತದೆ. ದಾರ ಕಟ್ಟಿದ ಪೆನ್ಸಿಲಿನಿಂದ, ಹೋಳಿನ ಚೂಪು ತುದಿಯಿಂದ, ಅಂದರೆ ಭೂಮಿಯ ಕೇಂದ್ರದಿಂದ, 12.2 ಸೆಂಟಿಮೀಟರಿಗೆ ಒಳ ಕೇಂದ್ರಗೋಳ, 34.8ಕ್ಕೆ ಹೊರ ಕೇಂದ್ರಗೋಳದ ಅಂಚು. ಮ್ಯಾಂಟಲ್ ಬಹುಪಾಲು ಜಾಗ ನುಂಗುತ್ತದೆ. ಖಂಡಗಳ ಕೆಳಗಿನ ಭೂಕವಚ 3ರಿಂದ 4 ಮಿಲಿಮೀಟರ್, ಸಾಗರದ ಕೆಳಗೆ ಒಂದು ಮಿಲಿಮೀಟರೂ ಇಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದರೆ ಗೆರೆಯ ದಪ್ಪವೇ ಭೂಕವಚವನ್ನು ಮುಚ್ಚಿಹಾಕುತ್ತದೆ, ಹಾಗಾಗಿ ಚೂಪಾದ ಪೆನ್ಸಿಲೇ ಆಗಬೇಕು. ಎವರೆಸ್ಟ್ 0.9 ಮಿಲಿಮೀಟರ್ ಎತ್ತರ, ಮರಿಯಾನಾ ಕಂದಕ 1.1 ಮಿಲಿಮೀಟರ್ ಆಳ. ರಷ್ಯಾದ ಕೋಲಾದಲ್ಲಿ ಕೊರೆದ 12,262 ಮೀಟರ್ ಆಳದ ರಂಧ್ರ 1.2 ಮಿಲಿಮೀಟರ್. ಪರ್ವತದ ತುದಿಯಿಂದ ಸಾಗರದ ತಳದವರೆಗಿನ ಜೀವಲೋಕ ಈ ಕಾಗದದ ಮೇಲೆ 2 ಮಿಲಿಮೀಟರಿನ ಪಟ್ಟಿ.

ಕೊನೆಗೆ ಕಾಲ. ಭೂಮಿಯ ಇತಿಹಾಸವನ್ನು ಒಂದು ದಿನಕ್ಕೋ ಒಂದು ವರ್ಷದ ಕ್ಯಾಲೆಂಡರಿಗೋ ಇಳಿಸುವ ರೂಢಿ ಇದೆ. ನನಗೆ ಅದು ಹಿಡಿಸುವುದಿಲ್ಲ, 24, 60, 365 ಎಂದು ಭಾಗಿಸುವುದರಲ್ಲೇ ಪೀರಿಯಡ್ ಕಳೆದುಹೋಗುತ್ತದೆ. 46 ಮೀಟರ್ ಹಗ್ಗ ತನ್ನಿ. 460 ಕೋಟಿ ವರ್ಷಕ್ಕೆ 46 ಮೀಟರ್, ಅಂದರೆ 1 ಮೀಟರ್ 10 ಕೋಟಿ ವರ್ಷ, 1 ಸೆಂಟಿಮೀಟರ್ 10 ಲಕ್ಷ, 1 ಮಿಲಿಮೀಟರ್ 1 ಲಕ್ಷ. ದಶಮಾಂಶ ಸರಿಸಿದರೆ ಮುಗಿಯಿತು. ಎಲ್ಲವನ್ನೂ ‘ಇಂದು’ ಎಂಬ ತುದಿಯಿಂದಲೇ ಅಳೆಯಬೇಕು. ಅರ್ಧ ತರಗತಿ ಆ ತುದಿಯಿಂದ, ಇನ್ನರ್ಧ ಈ ತುದಿಯಿಂದ ಅಳೆದು ಡೈನೊಸಾರ್‌ಗಳನ್ನು ಬ್ಯಾಕ್ಟೀರಿಯಾಗಳಿಗಿಂತ ಮೊದಲು ನಿಲ್ಲಿಸುವುದು ಇಲ್ಲಿನ ಮಾಮೂಲಿ ತಪ್ಪು. ಸ್ಟ್ರೊಮ್ಯಾಟೊಲೈಟ್ (ಸೂಕ್ಷ್ಮಜೀವಿಗಳು ಕಟ್ಟಿದ ಪದರಕಲ್ಲು) ಪಳೆಯುಳಿಕೆಗಳು 35 ಮೀಟರಿನ ಹತ್ತಿರ, ವಾತಾವರಣಕ್ಕೆ ಆಮ್ಲಜನಕ ಸೇರತೊಡಗಿದ್ದು 24ರ ಹತ್ತಿರ, ಕ್ಯಾಂಬ್ರಿಯನ್ (ಪ್ರಾಣಿಗಳ ಪಳೆಯುಳಿಕೆ ಹೇರಳವಾಗಿ ಸಿಗತೊಡಗುವ ಕಾಲಘಟ್ಟ) ಆರಂಭ 5.39, ನೆಲದ ಸಸ್ಯಗಳು ಸುಮಾರು 4.7, ಡೈನೊಸಾರ್‌ಗಳು ಸುಮಾರು 2.3 ಮೀಟರಿನಲ್ಲಿ ಕಾಣಿಸಿಕೊಂಡು 66 ಸೆಂಟಿಮೀಟರಿನಲ್ಲಿ ಅಳಿದವು. ನಮ್ಮ ಪ್ರಭೇದಕ್ಕೆ ಕೊನೆಯ 3 ಮಿಲಿಮೀಟರ್. ಅದು ಹತ್ತು ಈರುಳ್ಳಿ ಕೋಶಗಳ ಉದ್ದ. ಬರವಣಿಗೆ ಹುಟ್ಟಿದ ಮೇಲಿನ ಐದು ಸಾವಿರ ವರ್ಷಕ್ಕೆ 0.05 ಮಿಲಿಮೀಟರ್, ಮರಳಿಗೂ ಹೂಳಿಗೂ ಇರುವ ಗಡಿ.

ಅದೇ ಹಗ್ಗದಲ್ಲಿ ಖಂಡ, ಸಾಗರಗಳನ್ನು ಹೊತ್ತ ಭೂಫಲಕಗಳ ಚಲನೆಯನ್ನೂ ಸೇರಿಸಬಹುದು. ಅಟ್ಲಾಂಟಿಕ್ ವರ್ಷಕ್ಕೆ ಸುಮಾರು 2.5 ಸೆಂಟಿಮೀಟರ್ ಅಗಲವಾಗುತ್ತಿದೆ. ಒಂದೆಡೆ ಅದರ ಅಗಲ 5,000 ಕಿಲೋಮೀಟರ್ ಎಂದು ಹಿಡಿದರೆ 20 ಕೋಟಿ ವರ್ಷ, ಹಗ್ಗದಲ್ಲಿ 2 ಮೀಟರ್. ವೇಗ ಯಾವಾಗಲೂ ಒಂದೇ ಸಮ ಇರಲಿಲ್ಲ ಎಂದು ಹೇಳಿಯೇ ಈ ಲೆಕ್ಕ ಮಾಡಿಸಿ. ಡೈನೊಸಾರ್‌ಗಳ ಕಾಲ ಶುರುವಾದಾಗ ಆ ಸಾಗರ ಇರಲೇ ಇಲ್ಲ ಎಂಬುದನ್ನು ಹಗ್ಗ ನೋಡಿ ಮಕ್ಕಳೇ ಹೇಳುತ್ತಾರೆ.

ಪರೀಕ್ಷೆಗೆ ಇದರಿಂದ ನೇರವಾಗಿ ಪ್ರಶ್ನೆಗಳು ಸಿಗುತ್ತವೆ. ಪುಸ್ತಕದ ಕಾಲಪಟ್ಟಿ ತೆಗೆಸಿ, ಕ್ಯಾಂಬ್ರಿಯನ್‌ನಿಂದ ಈಚಿನ ಭಾಗ ಪುಟದಲ್ಲಿ ಎಷ್ಟು ಪಾಲು ಆವರಿಸಿದೆ, ಹಗ್ಗದಲ್ಲಿ ಎಷ್ಟು ಪಾಲು ಎಂದು ಕೇಳಿ. ಹಗ್ಗದಲ್ಲಿ ಅದು ಸುಮಾರು ಶೇಕಡಾ 12. ಜೀವಕೋಶದ ಚಿತ್ರ ಕೊಟ್ಟು, ಇದು ನಿಜ ಗಾತ್ರದ ಎಷ್ಟು ಪಟ್ಟು ಎಂದು ಕೇಳಿ. ಉತ್ತರದಲ್ಲಿ ಏಕಮಾನ ಬರೆಯದವರಿಗೆ ಅರ್ಧ ಅಂಕ ಮಾತ್ರ. ಪಟ್ಟು ಕೇಳಿದ ಪ್ರಶ್ನೆಗೆ ಏಕಮಾನ ಬರೆದವರಿಗೂ ಅಷ್ಟೇ.