ಫಿಜಿಗೆ ತವರು ಪಂದ್ಯ, ಮೈದಾನ ಲಿವರ್‌ಪೂಲ್

2026ರ ಜುಲೈಗೆ ಹಾಕಿರುವ ರಗ್ಬಿ ವೇಳಾಪಟ್ಟಿಯನ್ನೊಮ್ಮೆ ನೋಡಿ. ಫಿಜಿ–ವೇಲ್ಸ್ ಕಾರ್ಡಿಫ್‌ನಲ್ಲಿ. ಫಿಜಿ–ಇಂಗ್ಲೆಂಡ್ ಲಿವರ್‌ಪೂಲ್‌ನಲ್ಲಿ. ಫಿಜಿ–ಸ್ಕಾಟ್ಲೆಂಡ್ ಎಡಿನ್‌ಬರೋದಲ್ಲಿ. ಮೂರಕ್ಕೂ ಆತಿಥೇಯರು ಯಾರು ಗೊತ್ತಾ? ಫಿಜಿ! ಹೆಣ್ಣಿನ ಕಡೆಯವರು ಗಂಡಿನ ಮನೆ ಅಂಗಳದಲ್ಲೇ ಚಪ್ಪರ ಹಾಕಿ, ಗಂಡಿನವರಿಗೇ ‘ಬನ್ನಿ, ಬನ್ನಿ’ ಅಂದ ಹಾಗಾಯಿತು.

ಕಾರಣ ದುಡ್ಡು. ರಗ್ಬಿಯಲ್ಲಿ ಟಿಕೆಟ್ ಮಾರಿದ ಹಣ ಆತಿಥೇಯ ಮಂಡಳಿಗೆ ಸೇರುತ್ತದೆ. ಫಿಜಿಯ ರಾಜಧಾನಿ ಸುವಾದ ಮೈದಾನದಲ್ಲಿ ಹಿಡಿಸುವುದು 15 ಸಾವಿರದಷ್ಟು ಜನ, ಲಿವರ್‌ಪೂಲ್‌ನ ಹೊಸ ಕ್ರೀಡಾಂಗಣದಲ್ಲಿ 50 ಸಾವಿರಕ್ಕೂ ಮೇಲೆ. ಲೆಕ್ಕ ಸರಿಯೇ ಇದೆ. ಆದರೆ ಫಿಜಿಯ ಸೆಕೆ, ಫಿಜಿಯ ಹುಲ್ಲು, ಫಿಜಿಯ ಜನರ ಕೂಗು ಎದುರಾಳಿಗೆ ತಾಗುವುದೇ ಇಲ್ಲವಲ್ಲ. ಸಣ್ಣ ತಂಡದ ಕೈಯಲ್ಲಿದ್ದ ಒಂದೇ ಅಸ್ತ್ರವನ್ನು ಅದೇ ಮಾರಿಕೊಳ್ಳುವ ಪರಿಸ್ಥಿತಿ ತಂದಿಟ್ಟಿದ್ದಾರೆ.

ಅಷ್ಟಾದರೂ ಫಿಜಿ ಅದೃಷ್ಟವಂತ ತಂಡ, ಒಳಗಿದೆ. 2026ರಿಂದ ಶುರುವಾಗುವ ನೇಷನ್ಸ್ ಚಾಂಪಿಯನ್‌ಶಿಪ್‌ನಲ್ಲಿ 12 ತಂಡ: ಯುರೋಪಿನ ವಾರ್ಷಿಕ ಟೂರ್ನಿ ಸಿಕ್ಸ್ ನೇಷನ್ಸ್‌ನ ಆರು, ದಕ್ಷಿಣ ಗೋಳಾರ್ಧದ ನಾಲ್ಕು ದೊಡ್ಡವರು, ಜೊತೆಗೆ ಜಪಾನ್ ಮತ್ತು ಫಿಜಿ. ಜುಲೈನಲ್ಲಿ ಮೂರು ಪಂದ್ಯ, ನವೆಂಬರ್‌ನಲ್ಲಿ ಮೂರು, ಆಮೇಲೆ ಲಂಡನ್‌ನಲ್ಲಿ ಫೈನಲ್ಸ್. ಎರಡು ವರ್ಷಕ್ಕೊಮ್ಮೆ. ಜಾರ್ಜಿಯಾ, ಪೋರ್ಚುಗಲ್, ಸಮೋವಾ, ಟೋಂಗಾ, ಉರುಗ್ವೆ, ಚಿಲಿ ಮುಂತಾದವರಿಗೆ ನೇಷನ್ಸ್ ಕಪ್ ಅಂತ ಬೇರೆಯದೇ ಪಂಕ್ತಿ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ತಂಡಗಳ ಬಡ್ತಿ–ಹಿಂಬಡ್ತಿ 2030ರಿಂದ ಅಂತ ಹೇಳಿದ್ದಾರೆ. ದೊಡ್ಡ ತಂಡಗಳು ಪ್ರವಾಸ ಹೋಗುವುದೇ ಜುಲೈ ಮತ್ತು ನವೆಂಬರ್‌ನಲ್ಲಿ. ಆ ವಾರಗಳನ್ನೆಲ್ಲ ತಮ್ಮತಮ್ಮಲ್ಲೇ ಹಂಚಿಕೊಂಡರೆ, 2026 ಮತ್ತು 2028ರಲ್ಲಿ ಜಾರ್ಜಿಯಾ ಜೊತೆ ಆಡುವವರು ಯಾರು?

ಅದೇ ಹೊತ್ತಿಗೆ 2027ರ ವಿಶ್ವಕಪ್ಪನ್ನು 20 ತಂಡದಿಂದ 24ಕ್ಕೆ ಏರಿಸಿದ್ದಾರೆ. ಪರೀಕ್ಷೆಗೆ ಸೀಟು ಜಾಸ್ತಿ, ಪಾಠಕ್ಕೆ ಮೇಷ್ಟ್ರಿಲ್ಲ. ನನ್ನ ತಕರಾರು ಇದೊಂದೇ. ಸಣ್ಣ ತಂಡಗಳಿಗೆ ಬೇಕಾಗಿರುವುದು ವಿಶ್ವಕಪ್ಪಿನ ಸೀಟಲ್ಲ, ಎರಡು ವಿಶ್ವಕಪ್‌ಗಳ ನಡುವಿನ ನಾಲ್ಕು ವರ್ಷ.

ಆ ನಾಲ್ಕು ವರ್ಷದಲ್ಲಿ ಕಲಿಯುವುದು ಏನು ಅಂತೀರಾ? ಒಂದು ಸ್ಕ್ರಮ್ ತಗೊಳ್ಳಿ, ಸಣ್ಣ ತಪ್ಪಾದಾಗ ಆಟ ಮತ್ತೆ ಶುರುಮಾಡಲು ಎರಡೂ ತಂಡ ಚೆಂಡಿಗಾಗಿ ತಳ್ಳಾಡುವ ಕ್ರಮ. ಆ ಕಡೆ ಎಂಟು ಜನ, ಈ ಕಡೆ ಎಂಟು ಜನ. ರೆಫರಿ ‘ಕ್ರೌಚ್, ಬೈಂಡ್, ಸೆಟ್’ ಅಂದ ಕೂಡಲೇ ಎರಡೂ ಗುಂಪು ಡಿಕ್ಕಿ ಹೊಡೆಯುತ್ತವೆ. ಮುಂದಿನ ಸಾಲಿನಲ್ಲಿ ಇಬ್ಬರು ಪ್ರಾಪ್, ಮಧ್ಯೆ ಹುಕರ್. ಬಲಗಡೆಯ ಪ್ರಾಪ್‌ಗೆ ಟೈಟ್‌ಹೆಡ್ ಅಂತಾರೆ. ಅವನ ತಲೆ ಇಬ್ಬರು ಎದುರಾಳಿಗಳ ನಡುವೆ ಸಿಕ್ಕಿಕೊಂಡಿರುತ್ತದೆ, ಎರಡೂ ಭುಜದ ಮೇಲೆ ಭಾರ. ಒತ್ತಡ ತಡೆಯಲಾಗದೆ ಅವನ ಸೊಂಟ ಹೊರಗೆ ತಿರುಗಿತು, ಎದುರಾಳಿಯ ಜೆರ್ಸಿ ಹಿಡಿದ ಕೈ ಜಾರಿತು, ಮೊಣಕೈ ನೆಲಕ್ಕೆ ಇಳಿಯಿತು ಅಂದರೆ ಸ್ಕ್ರಮ್ ಕುಸಿಯಿತು. ರೆಫರಿ ಕೈ ಮೇಲೆ. ಪೆನಾಲ್ಟಿ.

ಈಗ ದೊಡ್ಡ ತಂಡ ಗೋಲಿಗೆ ಒದ್ದು 3 ಅಂಕ ತಗೊಳ್ಳಬಹುದು. ತಗೊಳ್ಳಲ್ಲ. ಚೆಂಡನ್ನು ಮೂಲೆಯ ಕಡೆ ಹೊರಗೆ ಒದೆಯುತ್ತದೆ. ಹೊರಗೆ ಹೋದ ಚೆಂಡನ್ನು ಅಂಚಿನಿಂದ ಎಸೆದು ಆಟ ಮುಂದುವರಿಸುವುದಕ್ಕೆ ಲೈನ್‌ಔಟ್ ಅಂತಾರೆ; ಪೆನಾಲ್ಟಿಯಾದ್ದರಿಂದ ಎಸೆಯುವ ಹಕ್ಕು ಒದ್ದವರದ್ದೇ. ಗೋಲ್ ಗೆರೆಗೆ ಐದು ಮೀಟರ್ ದೂರದಿಂದ ಎಸೆದು, ಹಿಡಿದು, ಗುಂಪುಗೂಡಿ ತಳ್ಳಿ, ಗೆರೆಯಾಚೆ ಚೆಂಡು ನೆಲಕ್ಕೆ ಊರಿದರೆ ಟ್ರೈ. 5 ಅಂಕ, ಆಮೇಲೆ ಗೋಲಿಗೆ ಒದೆಯುವ ಕನ್ವರ್ಷನ್‌ಗೆ ಇನ್ನೆರಡು. ಸ್ಕ್ರಮ್ ಪದೇಪದೇ ಕುಸಿದರೆ ಪ್ರಾಪ್‌ಗೆ ಹಳದಿ ಕಾರ್ಡ್, 10 ನಿಮಿಷ ಹೊರಗೆ. ಮುಂದಿನ ಸ್ಕ್ರಮ್‌ಗೆ ಪ್ರಾಪ್ ಬೇಕೇ ಬೇಕಲ್ಲ, ಹಾಗಾಗಿ ಬೆಂಚಿನಿಂದ ಒಬ್ಬನನ್ನು ಕರೆದು, ಅವನಿಗಾಗಿ ಇನ್ನೊಬ್ಬ ಆಟಗಾರನನ್ನು ಹೊರಗೆ ಕಳಿಸಬೇಕು. 15ರಲ್ಲಿ ಉಳಿದವರು 14 ಮಂದಿ, ಮೈದಾನದ ಅಂಚಿನಲ್ಲಿ ದೊಡ್ಡ ಖಾಲಿ ಜಾಗ. ಅಲ್ಲಿಂದ ಇನ್ನೆರಡು ಟ್ರೈ. 20–10 ಇದ್ದದ್ದು 50–10 ಆಗುವುದು ಹೀಗೆ. ಕೊನೆಯ 20 ನಿಮಿಷದಲ್ಲಿ ದೊಡ್ಡವರು ಮುಂದಿನ ಸಾಲಿನ ಮೂವರನ್ನೂ ಬದಲಿಸುತ್ತಾರೆ, ಬರುವವರೂ ಅಷ್ಟೇ ಗಟ್ಟಿ. 2023ರ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಬೆಂಚಿನ ಎಂಟರಲ್ಲಿ ಏಳು ಜನ ಫಾರ್ವರ್ಡ್‌ಗಳನ್ನೇ, ಅಂದರೆ ಸ್ಕ್ರಮ್ ತಳ್ಳುವವರನ್ನೇ ಕೂರಿಸಿತ್ತು.

ಆ ಸೊಂಟ ತಿರುಗದ ಹಾಗೆ ನಿಲ್ಲುವುದನ್ನು ಜಿಮ್‌ನಲ್ಲಿ ಕಲಿಯೋಕೆ ಆಗಲ್ಲ, ಅಂಥವರ ಎದುರು ನಿಂತೇ ಕಲಿಯಬೇಕು. ಜಾರ್ಜಿಯಾದ ಸಮಸ್ಯೆ ಇನ್ನೂ ವಿಚಿತ್ರ. ಯುರೋಪಿನ ಎರಡನೇ ದರ್ಜೆ ಟೂರ್ನಿಯನ್ನು 2018ರಿಂದ 2025ರವರೆಗೆ ಒಂದೇ ಸಮನೆ ಗೆದ್ದರು, ಬಹುಪಾಲು ಸ್ಕ್ರಮ್ ಬಲದಿಂದಲೇ. ಸ್ಕ್ರಮ್ ನಡೆಯದ ದಿನ ಏನು ಮಾಡಬೇಕು ಅನ್ನೋ ಪ್ರಶ್ನೆಯೇ ಅಲ್ಲಿ ಏಳಲ್ಲ. 2022ರಲ್ಲಿ ತಮ್ಮದೇ ಬಟುಮಿಯಲ್ಲಿ ಇಟಲಿಯನ್ನು 28–19, ಕಾರ್ಡಿಫ್‌ನಲ್ಲಿ ವೇಲ್ಸನ್ನು 13–12ರಿಂದ ಸೋಲಿಸಿದವರು, ಮರುವರ್ಷ ವಿಶ್ವಕಪ್‌ನಲ್ಲಿ ಒಂದೂ ಗೆಲ್ಲಲಿಲ್ಲ.

ಇದನ್ನು ಇಟಲಿ ಜೊತೆ ಹೋಲಿಸಿ. 2000ದಲ್ಲಿ ಸಿಕ್ಸ್ ನೇಷನ್ಸ್ ಸೇರಿದ ಇಟಲಿ, 2015ರಿಂದ ಆ ಟೂರ್ನಿಯಲ್ಲಿ ಸತತ 36 ಪಂದ್ಯ ಸೋತಿತು. ಮೂವತ್ತಾರು! ಆದರೂ ಪ್ರತಿ ಫೆಬ್ರವರಿ–ಮಾರ್ಚ್‌ನಲ್ಲಿ ಐದು ಪಂದ್ಯ ಖಾತ್ರಿ, ಟಿವಿ ಹಣ ಖಾತ್ರಿ. 2022ರ ಮಾರ್ಚ್‌ನಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್ ಎದುರು ಕೊನೇ ಗಳಿಗೆಯಲ್ಲಿ ಇಟಲಿಯ ಕಾಪುವೊಜ್ಜೊ ಬಲಬದಿಯಲ್ಲಿ ನುಗ್ಗಿ ಪಡೊವಾನಿಗೆ ಚೆಂಡು ಕೊಟ್ಟ, ಟ್ರೈ ಆಯಿತು, ಗಾರ್ಬಿಸಿ ಕನ್ವರ್ಷನ್ ಒದ್ದ, 22–21ರ ಗೆಲುವು. 2024ರಲ್ಲಿ ಸ್ಕಾಟ್ಲೆಂಡ್, ವೇಲ್ಸ್ ಇಬ್ಬರನ್ನೂ ಸೋಲಿಸಿ ಫ್ರಾನ್ಸ್ ಜೊತೆ ಸಮ ಮಾಡಿಕೊಂಡರು. 36 ಸಲ ಸೋಲುವ ಸವಲತ್ತು ಜಾರ್ಜಿಯಾಕ್ಕೆ ಯಾರಾದರೂ ಕೊಟ್ಟಿದ್ದಾರಾ?

ಎದುರು ವಾದ ಇದೆ, ತಳ್ಳಿಹಾಕುವಂಥದ್ದಲ್ಲ. 2025ರ ಜುಲೈನಲ್ಲಿ ಐರ್ಲೆಂಡ್ ಲಿಸ್ಬನ್‌ಗೇ ಹೋಗಿ ಪೋರ್ಚುಗಲ್‌ಗೆ ಬಾರಿಸಿದ್ದು 106–7. ‘ಇದೇನಾ ನಿಮಗೆ ಬೇಕಿದ್ದ ಅವಕಾಶ?’ ಅಂತ ಕೇಳಬಹುದು. ಆದರೆ ಅದೇ ಪೋರ್ಚುಗಲ್ 2023ರ ವಿಶ್ವಕಪ್‌ನಲ್ಲಿ ತಿಂಗಳಿಗೂ ಹೆಚ್ಚು ಕಾಲ ಒಟ್ಟಿಗಿದ್ದು, ವೇಲ್ಸ್, ಆಸ್ಟ್ರೇಲಿಯಾ ಎದುರು ಸೋತು ಕಲಿತು, ಕೊನೆಯ ಪಂದ್ಯದಲ್ಲಿ ಫಿಜಿಯನ್ನು 24–23ರಿಂದ ಸೋಲಿಸಿತ್ತು. ನಾಲ್ಕು ತಿಂಗಳಾಗುವಷ್ಟರಲ್ಲಿ ಬೆಲ್ಜಿಯಂ ಎದುರು 10–6ರಿಂದ ಸೋತಿತು. ಅಪರೂಪಕ್ಕೊಂದು ಪಂದ್ಯ ಕೊಟ್ಟರೆ ಬರೀ ಪೆಟ್ಟು, ಸಾಲಾಗಿ ಕೊಟ್ಟರೆ ಪಾಠ. ನಮ್ಮ ಚಿನ್ನಸ್ವಾಮಿಯಲ್ಲಿ 2018ರ ಜೂನ್‌ನಲ್ಲಿ ಅಫ್ಘಾನಿಸ್ತಾನ ತನ್ನ ಮೊದಲ ಟೆಸ್ಟನ್ನು ಎರಡೇ ದಿನಕ್ಕೆ, ಇನಿಂಗ್ಸ್ ಮತ್ತು 262 ರನ್‌ನಿಂದ ಸೋತಿತ್ತು. ಆಟ ಸಿಗುತ್ತಾ ಹೋಯಿತು, 2024ರಲ್ಲಿ ಆಸ್ಟ್ರೇಲಿಯಾವನ್ನೇ ಮಣಿಸಿ ಟಿ20 ವಿಶ್ವಕಪ್ ಸೆಮಿಫೈನಲ್‌ಗೆ ಬಂದರು (ಬೇರೆ ಮಾದರಿ, ಒಪ್ಪಿದೆ). 2003ರ ಕ್ರಿಕೆಟ್ ವಿಶ್ವಕಪ್ ಸೆಮಿಫೈನಲ್ ಆಡಿದ ಕೀನ್ಯಾ ಈಗ ಎಲ್ಲಿದೆ?

ದೊಡ್ಡವರು ಯಾಕೆ ಬರಲ್ಲ? ರ‍್ಯಾಂಕಿಂಗ್ ಸೂತ್ರವೇ ಬೇಡ ಅನ್ನುತ್ತದೆ. ಪಟ್ಟಿಯಲ್ಲಿ ತವರು ತಂಡಕ್ಕಿರುವ ಅಂಕಕ್ಕೆ 3 ಸೇರಿಸಿ ನೋಡಿದಾಗ ಇಬ್ಬರ ನಡುವೆ 10 ಅಥವಾ ಹೆಚ್ಚು ಅಂತರ ಇದ್ದರೆ, ಬಲಿಷ್ಠ ತಂಡ ಗೆದ್ದರೂ ಸಿಗುವುದು ಸೊನ್ನೆ. ಸೋತರೆ 2 ಅಂಕ ಹೋಯಿತು, ಪಂದ್ಯದ ಸ್ಕೋರಿನಲ್ಲಿ 15ಕ್ಕಿಂತ ಹೆಚ್ಚು ಅಂತರದಿಂದ ಸೋತರೆ 3. ವಿಶ್ವಕಪ್ ಗುಂಪು ಹಂಚುವುದು ಈ ಪಟ್ಟಿಯ ಮೇಲೆ. ಯಾವ ಕೋಚ್ ಇಂಥ ಜೂಜಿಗೆ ಕೂರುತ್ತಾನೆ?

ಮಾಡಬೇಕಾದ್ದು ಹೀಗೆ. ಚಾಂಪಿಯನ್‌ಶಿಪ್ ಇಲ್ಲದ ವರ್ಷಗಳಲ್ಲಿ ಮೇಲಿನ 12ರಲ್ಲಿ ಪ್ರತಿ ತಂಡವೂ ಕೆಳಗಿನ ವಿಭಾಗದ ಇಬ್ಬರ ಜೊತೆ ಆಡಬೇಕು, ಅದರಲ್ಲಿ ಒಂದು ಅವರ ಊರಿಗೇ ಹೋಗಿ. ವಿಭಾಗಗಳ ನಡುವೆ ಪಂದ್ಯ ಹೆಚ್ಚಿಸುತ್ತೇವೆ ಅನ್ನುವ ವಿಶ್ವ ರಗ್ಬಿ ಮಂಡಳಿಯ ಮಾತಿಗೆ ಈ ಸಂಖ್ಯೆ ಅಂಟಿಸಿದರೆ ಮಾತ್ರ ಬೆಲೆ. ಟಿಕೆಟ್ ಹಣದಲ್ಲಿ ಪ್ರವಾಸಿ ತಂಡಕ್ಕೆ ನಿಗದಿತ ಪಾಲು ಇರಲಿ. 2017ರಲ್ಲಿ ಲಂಡನ್‌ನ ಟ್ವಿಕನ್‌ಹ್ಯಾಮ್ ಮೈದಾನಕ್ಕೆ ಬಂದ ಸಮೋವಾದ ಮಂಡಳಿ ದಿವಾಳಿಯ ಅಂಚಿನಲ್ಲಿದ್ದಾಗ ಇಂಗ್ಲೆಂಡ್ ಮಂಡಳಿ 75 ಸಾವಿರ ಪೌಂಡ್ ಕೊಟ್ಟಿತು. ಒಳ್ಳೆಯ ಮನಸ್ಸೇ. ಆದರೆ 82 ಸಾವಿರ ಸೀಟಿನ ಮೈದಾನದಲ್ಲಿ ಆಡಿದವರಿಗೆ ಸಿಗಬೇಕಾದದ್ದು ಪಾಲು, ದಾನವಲ್ಲ.

ಯುರೋಪಿನಲ್ಲಿ ಇನ್ನೊಂದು: ಎರಡು ವರ್ಷದ ಲೆಕ್ಕದಲ್ಲಿ ಸಿಕ್ಸ್ ನೇಷನ್ಸ್‌ನ ಕೊನೆಯ ತಂಡಕ್ಕೂ ಎರಡನೇ ದರ್ಜೆಯ ಚಾಂಪಿಯನ್‌ಗೂ ತವರಿನಲ್ಲೊಂದು, ಹೊರಗೊಂದು ಪಂದ್ಯ; ಗೆದ್ದವರು ಮೇಲೆ, ಸೋತವರು ಕೆಳಗೆ. ಇದು ಸುಲಭಕ್ಕೆ ಆಗಲ್ಲ. ಸಿಕ್ಸ್ ನೇಷನ್ಸ್ ಆರು ಮಂಡಳಿಗಳ ಖಾಸಗಿ ಸೊತ್ತು, 2021ರಲ್ಲಿ ಏಳನೇ ಒಂದು ಪಾಲನ್ನು ಸಿವಿಸಿ ಅನ್ನೋ ಹೂಡಿಕೆ ಕಂಪನಿಗೆ ಮಾರಿದ್ದಾರೆ. ಬೀಳುವ ಅಪಾಯ ಇರುವ ತಂಡದ ಮೇಲೆ ದುಡ್ಡು ಹಾಕಿದವರು ಸುಮ್ಮನಿರುತ್ತಾರಾ?

ಸುವಾಗೆ ಹೋಗದಿರಲು ಸೀಟು ಕಡಿಮೆ ಅನ್ನೋ ನೆಪ ಇದೆ. ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯ ದಿನಾಮೊ ಅರೆನಾದಲ್ಲಿ 50 ಸಾವಿರಕ್ಕೂ ಹೆಚ್ಚು ಸೀಟುಗಳಿವೆ. ಅಲ್ಲಿಗೆ ಹೋಗದಿರಲು ಏನು ನೆಪ ಹೇಳುತ್ತಾರೋ ಕೇಳಬೇಕು.